ಲೆಕ್ಕದ ಕೋಣೆ ಬಿದ್ದ ವರ್ಷ

ನಮ್ಮೂರಲ್ಲಿ ಯಾವುದನ್ನು ಎಲ್ಲಿ ಕಲಿತರೋ ಅದು ಅಲ್ಲೇ ಉಳಿಯುತ್ತದೆ. ಹೊಸ್ತಿಲು ದಾಟಿದರೆ ಜೊತೆಗೆ ಬರುವುದಿಲ್ಲ. ಹೋಟೆಲಿನ ದೇವೀರಮ್ಮ ಸಾರಿನ ಪುಡಿ ಹುರಿಯುವುದನ್ನು ತವರುಮನೆಯ ಹಿತ್ತಿಲಲ್ಲಿ ಕಲಿತವಳು. ಇವತ್ತಿಗೂ ಪುಡಿ ಮುಗಿದರೆ ಮೆಣಸಿನಕಾಯಿ, ಕೊತ್ತಂಬರಿ ಬೀಜ ಗಂಟು ಕಟ್ಟಿಕೊಂಡು ಅಣ್ಣನ ಮನೆಯ ಹಿತ್ತಿಲಿಗೇ ಹೋಗುತ್ತಾಳೆ. ಅತ್ತಿಗೆಯ ಜೊತೆ ಮಾತು ಬಿಟ್ಟಿದ್ದ ವರ್ಷವೂ ತಲೆ ತಗ್ಗಿಸಿಕೊಂಡು ಹೋಗಿ, ಹುರಿದು, ತಲೆ ತಗ್ಗಿಸಿಕೊಂಡೇ ಬಂದಳು. ನಮ್ಮ ದರ್ಜಿ ಕೆಲಸ ಕಲಿತದ್ದು ಬೇವಿನ ಮರದ ಕೆಳಗೆ. ಮಳೆ ಬಂದರೆ ಮರಕ್ಕೇ ತಾಡಪಾಲು ಕಟ್ಟಿ ಹೊಲಿಯುತ್ತಾನೆ. ತಾಯಿ ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ಸುತ್ತುತ್ತ ಕಲಿಸಿದ ಮಾತು, ಹತ್ತು ಬೆರಳಿನ ಎಣಿಕೆ, ಇವು ಮಾತ್ರ ಎಲ್ಲರಿಗೂ ಎಲ್ಲ ಕಡೆ ಬರುತ್ತವೆ. ಮಿಕ್ಕಿದ್ದಕ್ಕೆಲ್ಲ ನಡೆದು ಹೋಗಬೇಕು. ಹುಟ್ಟಿದಾಗಿನಿಂದ ಹೀಗೇ ಇರುವವರಿಗೆ ಇದರಲ್ಲಿ ಕಷ್ಟವೇನೂ ಕಾಣುವುದಿಲ್ಲ, ಕಾಲು ಗಟ್ಟಿಯಾಗಿರಬೇಕು ಅಷ್ಟೆ.

ಶಾಲೆಗೂ ಇದೇ ನಿಯಮ. ಭಾಷೆಗೊಂದು, ಲೆಕ್ಕಕ್ಕೊಂದು, ವಿಜ್ಞಾನಕ್ಕೊಂದು, ಸಮಾಜಕ್ಕೊಂದು, ಹೀಗೆ ನಮ್ಮದು ನಾಲ್ಕು ಕೋಣೆಯ ಶಾಲೆ. ಗಂಟೆ ಹೊಡೆದರೆ ಮಕ್ಕಳು ಒಂದು ಕೋಣೆಯ ಪಾಠವನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಇನ್ನೊಂದಕ್ಕೆ ಹೋಗುತ್ತಿದ್ದರು. ನಾನು ಇಂದುಮತಿ, ಭಾಷೆಯ ಕೋಣೆಯ ಟೀಚರು. ಅದೇ ಕೋಣೆಯಲ್ಲಿ ಕಲಿತು ಅದೇ ಕೋಣೆಯಲ್ಲಿ ಕಲಿಸಲು ನಿಂತವಳು. ಲೆಕ್ಕದ ಕೋಣೆ ಗುರುಸಿದ್ದಪ್ಪ ಮೇಷ್ಟ್ರದು. ನನಗೂ ಮಗ್ಗಿ ಹೇಳಿಕೊಟ್ಟವರು ಅವರೇ.

ಊರಿಗೆಲ್ಲ ಆ ಕೋಣೆಯೆಂದರೆ ದೇವರ ಮನೆಯಷ್ಟೇ ಗೌರವ. ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ದೊಡ್ಡವರು ಬರುತ್ತಿದ್ದರು. ಗಾರೆ ಕೆಲಸದವರು ಗೋಡೆಗೆ ಎಷ್ಟು ಇಟ್ಟಿಗೆ ಬೇಕೆಂದು ನೋಡಲು, ಅಡುಗೆ ಭಟ್ಟರು ಮದುವೆಗೆ ಎಷ್ಟು ಅಕ್ಕಿ ನೆನೆಹಾಕಬೇಕೆಂದು ನೋಡಲು, ತಾಯಂದಿರು ಮಗುವಿಗೆ ಎಷ್ಟು ತಿಂಗಳು ತುಂಬಿತೆಂದು ನೋಡಲು ಚಿಕ್ಕ ಬೆಂಚುಗಳ ಮೇಲೆ ಮೊಣಕಾಲು ಮಡಚಿ ಕೂರುತ್ತಿದ್ದರು. ಬಂದ ಉತ್ತರವನ್ನು ಹೊರಗೆ ಹೋಗಿ ಮರೆಯದಂತೆ ಅಂಗೈ ಮೇಲೆ ಬರೆದುಕೊಂಡು ಹೋಗುತ್ತಿದ್ದರು. ಮೇಷ್ಟ್ರು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತು ಎಲ್ಲರ ಅಂಗೈಯನ್ನೂ ಒಮ್ಮೆ ನೋಡಿಯೇ ಕಳಿಸುತ್ತಿದ್ದರು.

ಆ ಕೋಣೆಯ ಪಡುವಣ ಗೋಡೆ ಬಿರುಕು ಬಿಟ್ಟಿತು. ಮೊದಲು ಕೂದಲಿನಷ್ಟಿತ್ತು. ಸಂಕ್ರಾಂತಿ ಕಳೆದ ಮೇಲೆ ಬೆರಳು ತೂರುವಷ್ಟಾಯಿತು. ಇಂಜಿನಿಯರು ಬಂದರು, ಫೋಟೊ ತೆಗೆದುಕೊಂಡು ತಾವು ಓದಿದ ಕಾಲೇಜಿಗೆ ಹೋಗಿ ನೋಡಿಕೊಂಡು ಬಂದು ಹೇಳಿದರು: “ಕೆಳಗೆ ಕರಿ ಎರೆಮಣ್ಣು ಇದೆ. ಮಳೆಗೆ ಉಬ್ಬುತ್ತೆ, ಬಿಸಿಲಿಗೆ ಬಿರಿಯುತ್ತೆ. ಮಳೆಗಾಲಕ್ಕೆ ಮುಂಚೆ ನೀವೇ ಕೆಡವಿಬಿಡಿ. ಇಲ್ಲದಿದ್ರೆ ಅದೇ ಬೀಳುತ್ತೆ.”

ಕೋಣೆ ಬಿದ್ದರೆ ಏನಾಗುತ್ತದೆಂದು ಊರಿಗೆ ಗೊತ್ತಿತ್ತು. ಹಿಂದೆ ಗರಡಿಮನೆ ಬಿದ್ದಾಗ ಪೈಲ್ವಾನರೆಲ್ಲ ಪಟ್ಟುಗಳನ್ನು ಮರೆತು, ದಸರಾದಲ್ಲಿ ಎದುರುಬದುರು ನಿಂತು ಕೈಕುಲುಕಿ ಮನೆಗೆ ಹೋಗಿದ್ದರು. ಈಗ ಹೋಗುವುದು ಊರಿನ ಲೆಕ್ಕ.

ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ಕಲ್ಲಿನ ಆಸರೆ ಕೊಡೋಣವೆಂದರು ಕೆಲವರು. ಗೋಡೆಯನ್ನು ಕಬ್ಬಿಣದ ಪಟ್ಟಿಯಿಂದ ಬಿಗಿಯೋಣವೆಂದರು ಕೆಲವರು. ಗುರುಸಿದ್ದಪ್ಪ ಮೇಷ್ಟ್ರು ಯಾರ ಮಾತಿಗೂ ತಲೆಯಾಡಿಸಲಿಲ್ಲ.

“ಅಡಿಪಾಯವೇ ಕುಸೀತಿರೋವಾಗ ಆಸರೆ ಯಾವುದಕ್ಕೆ ಕೊಡ್ತೀರಿ?” ಎಂದೆ ನಾನು. “ಕೋಣೆ ಹೋಗೋದು ಹೋಗುತ್ತೆ. ಅಷ್ಟರೊಳಗೆ ಲೆಕ್ಕವನ್ನ ಹೊರಗೆ ತರೋಣ. ಮಕ್ಕಳನ್ನ ನಂಗೆ ಕೊಡಿ.”

“ಹೊರಗೆ ತರೋದಾ?” ದೇವೀರಮ್ಮ ಸೆರಗು ಕೊಡವಿ ಎದ್ದು ನಿಂತಳು. “ಇಂದುಮತಿ, ನಾನು ಸಾರಿನ ಪುಡೀನ ಇಷ್ಟು ವರ್ಷದಿಂದ ಹೊರಗೆ ತರೋಕೆ ನೋಡ್ತಿದೀನಿ ಕಣೆ. ಬಂದಿದ್ರೆ ನಮ್ಮತ್ತಿಗೆ ಮುಖ ಯಾಕೆ ನೋಡ್ತಿದ್ದೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕೂರಲಿಲ್ಲ. “ಅಮ್ಮ ಕಲಿಸಿದ ಮಾತು ಎಲ್ಲ ಕಡೆ ಬರುತ್ತಲ್ಲ? ಒಂದು ಕಡೆ ಕೂರಿಸಿ ಕಲಿಸಲಿಲ್ಲ, ಅದಕ್ಕೇ ಬಂತು. ಲೆಕ್ಕಾನೂ ಹಂಗೇ ಕಲಿಸ್ತೀನಿ.”

“ನಿಂಗೆ ಲೆಕ್ಕ ಎಲ್ಲಿ ಬರುತ್ತಮ್ಮ, ಕಲಿಸೋಕೆ?” ಎಂದರು ಗುರುಸಿದ್ದಪ್ಪ ಮೇಷ್ಟ್ರು, ಮೆಲ್ಲಗೆ. ಅವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಕೇಳಿದ್ದರು.

“ಬರಲ್ಲ ಸಾರ್. ನಿಮ್ಮ ಕೋಣೆಯೊಳಗೆ ಬರುತ್ತೆ, ಇಲ್ಲಿ ಬರಲ್ಲ. ಮಕ್ಕಳ ಜೊತೆ ನಾನೂ ಕಲೀತೀನಿ.”

ಬೇರೆ ಉಪಾಯ ಯಾರಿಗೂ ಹೊಳೆಯದ್ದರಿಂದ ಊರು ಒಪ್ಪಿತು.

ಮೊದಲ ಸಲ ನಾನು ಸೋತೆ. ಲೆಕ್ಕದ ಕೋಣೆಯಿಂದ ಮಗ್ಗಿಯನ್ನು ಹಲಗೆ ಮೇಲೆ ಬರೆದು ತಂದು, ಭಾಷೆಯ ಕೋಣೆಯಲ್ಲಿ ಪದ್ಯದಂತೆ ರಾಗ ಕಟ್ಟಿ ಹೇಳಿಸಿದೆ. ಮಕ್ಕಳು ಸೊಗಸಾಗಿ ಹಾಡಿದರು. ನನಗೆ ಹೆಮ್ಮೆಯೋ ಹೆಮ್ಮೆ. ಅಂಗಳಕ್ಕೆ ಕರೆದುಕೊಂಡು ಹೋಗಿ ಕೇಳಿದರೆ ಒಬ್ಬರ ಬಾಯಲ್ಲೂ ಒಂದು ಸಾಲಿಲ್ಲ. ಮಗ್ಗಿ ಬದುಕಿದ್ದ ಕೋಣೆ ಬದಲಾಗಿತ್ತು, ಅಷ್ಟೇ. ನನ್ನ ಗೋಡೆ ಬಿದ್ದರೆ ಅದೂ ಹೋಗುತ್ತದೆ.

ಹಾಗಾದರೆ ಪಾಠವನ್ನೇ ಕೋಣೆಯಿಂದ ಕೋಣೆಗೆ ನಡೆಸಬೇಕು ಎಂದುಕೊಂಡೆ. ವಿಜ್ಞಾನದ, ಸಮಾಜದ ಮೇಷ್ಟ್ರುಗಳ ಜೊತೆ ಕೂತು ಮಾತಾಡಿದೆ. ಎಲ್ಲರ ಎದುರಿಗೆ ಇದ್ದದ್ದು ಆ ಒಡೆದ ಗೋಡೆ. ಅದನ್ನೇ ಪಾಠ ಮಾಡಿದೆವು. ಕೋಣೆ ಯಾಕೆ ಬಿರಿಯಿತು, ಯಾರು ಕಟ್ಟಿದರು, ಮುಂದೆ ಎಂಥ ಕೋಣೆ ಬೇಕು, ಇದಿಷ್ಟೇ ಪ್ರಶ್ನೆ. ಮಕ್ಕಳು ಅಡಿಪಾಯದ ಮಣ್ಣು ಅಗೆದು ತಂದು ವಿಜ್ಞಾನದ ಕೋಣೆಯಲ್ಲಿ ನೀರು ಹಾಕಿ ಉಬ್ಬುವುದನ್ನು ನೋಡಿದರು. ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿದರು. ಬಿರುಕು ಹಿಗ್ಗಿದರೆ ಪಟ್ಟಿ ಹರಿಯಬೇಕು. ಅಜ್ಜ ಅಜ್ಜಿಯರನ್ನು ಕೇಳಿ ಕೋಣೆ ಕಟ್ಟಿದ ಕಾಲದ ಕಥೆ ತಂದು ಸಮಾಜದ ಕೋಣೆಯಲ್ಲಿ ಹೇಳಿದರು. ಅದನ್ನು ನನ್ನ ಕೋಣೆಯಲ್ಲಿ ಬರೆದರು. ಉದ್ದ ಅಗಲ ಅಳೆಯಲು, ಇಟ್ಟಿಗೆ ಎಣಿಸಲು ಲೆಕ್ಕದ ಕೋಣೆಗೆ ಹೋದರು. ಗುರುಸಿದ್ದಪ್ಪ ಮೇಷ್ಟ್ರು ಕುರ್ಚಿ ಬಿಟ್ಟು ಏಳಲಿಲ್ಲ, ಆದರೆ ಬೇಡ ಎನ್ನಲೂ ಇಲ್ಲ.

ಆ ತರಗತಿಯಲ್ಲಿ ಪುಟ್ಟಮಾದಿ ಎಂಬ ಹುಡುಗಿ ಇದ್ದಳು. ಅವಳ ತಾಯಿ ಚೆನ್ನಾಜಮ್ಮ ಸಂತೆ ಬೀದಿಯಲ್ಲಿ ಹೂವು ಮಾರುತ್ತಿದ್ದಳು. ಪುಟ್ಟಮಾದಿಗೆ ಲೆಕ್ಕದ ಕೋಣೆಯ ಒಳಗೂ ಲೆಕ್ಕ ಬರುತ್ತಿರಲಿಲ್ಲ. ಮೇಷ್ಟ್ರು ಅವಳನ್ನು ಬೈದು ಬೈದು ಸಾಕಾಗಿ ಕಿಟಕಿ ಪಕ್ಕ ಕೂರಿಸಿ ಸುಮ್ಮನಾಗಿದ್ದರು. “ಪಾಪದ್ದು, ಅದಕ್ಕೆ ತಲೆಗೆ ಹತ್ತಲ್ಲ” ಎಂದು ಕನಿಕರದಿಂದಲೇ ಹೇಳುತ್ತಿದ್ದರು.

ಗೋಡೆ ಅಳೆಯುವ ದಿನ ಅಳತೆಪಟ್ಟಿ ಬೇರೆ ಮಕ್ಕಳ ಕೈಯಲ್ಲಿತ್ತು. ಪುಟ್ಟಮಾದಿ ಲಂಗದ ನಡುವಿಗೆ ಸಿಕ್ಕಿಸಿಕೊಂಡಿದ್ದ ಹೂ ಕಟ್ಟುವ ದಾರ ತೆಗೆದು, ಮೊಳ ಹಾಕಿ ಗಂಟು ಕಟ್ಟಿದಳು. ಅರ್ಧ ಮೊಳಕ್ಕೆ ಸಣ್ಣ ಗಂಟು, ಮೊಳಕ್ಕೆ ದೊಡ್ಡದು. ಗೋಡೆಯ ಉದ್ದಕ್ಕೂ ದಾರ ಹಿಡಿದು ನಡೆದಳು. ವಿಜ್ಞಾನದ ಕೋಣೆಗೆ ಹೋದಾಗ ಅದೇ ದಾರದಿಂದ ಉಬ್ಬಿದ ಮಣ್ಣಿನ ಎತ್ತರ ಅಳೆದಳು. ನನ್ನ ಕೋಣೆಗೆ ಬಂದಾಗ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ತಾನು ಕಂಡದ್ದನ್ನು ಹೇಳಿದಳು, ಬರೆಯಲು ತಡವಾದರೂ ಹೇಳಲು ತಡವಾಗಲಿಲ್ಲ.

ಆ ವಾರದ ಸಂತೆಯ ದಿನ ನಾನು ಚೆನ್ನಾಜಮ್ಮನ ಬುಟ್ಟಿಯ ಮುಂದೆ ಮಲ್ಲಿಗೆಗಾಗಿ ನಿಂತಿದ್ದೆ. ಪುಟ್ಟಮಾದಿ ತಾಯಿಯ ಪಕ್ಕ ಕಟ್ಟುತ್ತ ಕೂತಿದ್ದಳು. ಗೃಹಪ್ರವೇಶದ ಮನೆಯವರೊಬ್ಬರು ಬಂದು, ಅಂಗೈ ಮೇಲೆ ಬರೆದುಕೊಂಡದ್ದನ್ನು ನೋಡಿ, “ಹದಿನಾಲ್ಕು ಮುತ್ತೈದೆಯರಿಗೆ ಅರ್ಧರ್ಧ ಮೊಳ ಬೇಕು, ಒಟ್ಟಿಗೆ ಅಳೆದು ಕೊಡಿ” ಎಂದರು. ಚೆನ್ನಾಜಮ್ಮ ಎಂದಿನಂತೆ, “ಸ್ಕೂಲ್‌ ತನಕ ಹೋಗಿ ಕೇಳ್ಕೊಂಡು ಬರ್ತೀನಿ ಇರಿ ತಾಯಿ” ಎಂದು ಸೆರಗು ಸಿಕ್ಕಿಸಿ ಎದ್ದಳು.

“ಏಳು ಮೊಳ,” ಎಂದಳು ಪುಟ್ಟಮಾದಿ, ಕಟ್ಟುತ್ತಿದ್ದ ಹೂವಿನಿಂದ ತಲೆ ಎತ್ತದೆ.

ಪಕ್ಕದ ಸೊಪ್ಪಿನವಳು ಕೈ ನಿಲ್ಲಿಸಿದಳು. ಬೀದಿಯಲ್ಲಿ ಕೂತು ಒಬ್ಬರು ಲೆಕ್ಕ ಹೇಳಿದ್ದನ್ನು ಆ ಸಂತೆ ಅದುವರೆಗೆ ಕೇಳಿರಲಿಲ್ಲ. ಚೆನ್ನಾಜಮ್ಮ ಮಗಳ ಹಣೆ ಮುಟ್ಟಿ ನೋಡಿದಳು, ಜ್ವರವೇನಾದರೂ ಬಂದಿದೆಯೋ ಎಂದು.

ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ. “ಹೆಂಗೆ ಬಂತು ಪುಟ್ಟಿ?”

“ಸಣ್ಣ ಗಂಟು ಎರಡಾದ್ರೆ ದೊಡ್ಡ ಗಂಟು ಒಂದು ಟೀಚರ್. ಕೈಗೆ ಸಿಗುತ್ತೆ.” ಬೆರಳುಗಳನ್ನು ಗಾಳಿಯಲ್ಲಿ ಆಡಿಸಿ ತೋರಿಸಿದಳು, ದಾರ ಇರಲಿಲ್ಲ. “ಕೋಣೆ ಅಲ್ಲೇ ಇರುತ್ತೆ. ಕೈ ನನ್ನ ಜೊತೇಲೇ ಬರುತ್ತಲ್ಲ.”

ನಾನು ಮಲ್ಲಿಗೆ ಮರೆತು ಬಿರಬಿರನೆ ಮನೆಗೆ ನಡೆದೆ. ಅವಳು ಹೇಳಿದ್ದು ನನಗೆ ಅರ್ಥವಾಗಿತ್ತು. ಪಾಠ ಕೋಣೆಕೋಣೆ ನಡೆದರೆ ಸಾಲದು. ಪ್ರತಿ ಮಗುವಿನ ಜೊತೆ ಊರೆಲ್ಲ ತಿರುಗುವಂಥದ್ದು ಏನೋ ಒಂದು ಇರುತ್ತದೆ. ಲೆಕ್ಕವನ್ನು ಅದಕ್ಕೆ ಕಟ್ಟಬೇಕು. ಅದು ಒಬ್ಬೊಬ್ಬರಿಗೆ ಒಂದೊಂದು.

ಅಲ್ಲಿಂದ ಮುಂದೆ ನಾನು ಮಕ್ಕಳನ್ನು ನೋಡುವುದನ್ನು ಕಲಿತೆ. ಯಾಕೂಬ ಕೂತಲ್ಲಿ ಕೂರದ ಹುಡುಗ. ಅವನನ್ನು ಕೂರಿಸುವ ಪ್ರಯತ್ನ ಬಿಟ್ಟು, ಕಾಗದದ ಪಟ್ಟಿಗಳನ್ನು ನೋಡಿ ಬರುವ ಕೆಲಸ ಕೊಟ್ಟೆ. ಒಂದು ಕೋಣೆಯ ಅಳತೆಯನ್ನು ಇನ್ನೊಂದಕ್ಕೆ ಓಡಿ ಮುಟ್ಟಿಸುವುದು, ದಾರಿಯಲ್ಲೇ ಕೂಡಿ ಉತ್ತರ ಹೇಳುವುದು ಅವನ ಪಾಠ. ಓಡುವಾಗ ಅವನಿಗೆ ಬಂದ ಸಂಕಲನ ನಿಂತಾಗ ಬರುತ್ತಿರಲಿಲ್ಲ, ಆದರೆ ಅವನು ನಿಲ್ಲುವುದಾದರೂ ಯಾವಾಗ? ಭಾಗೀರಥಿ ಮಾತು ಕಡಿಮೆಯ ಹುಡುಗಿ, ಕಥೆಯ ಹುಚ್ಚು. ಅವಳಿಗೆ ಭಾಗಾಕಾರವೆಂದರೆ ಆಸ್ತಿ ಪಾಲಿಗೆ ಜಗಳ ಮಾಡುವ ಅಣ್ಣತಮ್ಮಂದಿರ ಕಥೆ. ಶೇಷ ಉಳಿದರೆ ಅದು ಯಾರಿಗೂ ಬೇಡವಾದ ಕೊನೆಯ ತಮ್ಮ. ಅವನಿಗಾಗಿ ಅವಳು ಒಂದು ದಿನ ಅತ್ತದ್ದೂ ಉಂಟು. ಕೆಲವರಿಗೆ ರಂಗೋಲಿಯ ಚುಕ್ಕಿ ಹಿಡಿಯಿತು, ಕೆಲವರಿಗೆ ಗೋಲಿ. ನನಗೆ ಹಿಡಿದದ್ದು ಅಮ್ಮ ನನ್ನನ್ನು ಸೊಂಟದ ಮೇಲೆ ಹೊತ್ತು ಹಾಡುತ್ತಿದ್ದ ಪದ್ಯದ ಮಾತ್ರೆ. ಮೂರು ನಾಲ್ಕರ ಗಣಗಳನ್ನು ಗುನುಗುತ್ತ ಮಾರುಕಟ್ಟೆಯಲ್ಲಿ ಗುಣಾಕಾರ ಮಾಡಿದ ದಿನ ನನ್ನ ನಡಿಗೆಯೇ ಬದಲಾಯಿತು. ಕೆಲವು ಮಕ್ಕಳಿಗೆ ಏನು ಮಾಡಿದರೂ ಹಿಡಿಯಲಿಲ್ಲ. ಅವರದು ಏನೆಂದು ನನಗಿನ್ನೂ ಸಿಕ್ಕಿಲ್ಲ ಎಂದುಕೊಂಡೆನೇ ಹೊರತು ಅವರ ತಲೆಯನ್ನು ದೂರಲಿಲ್ಲ.

ಮಳೆ ಅಂದುಕೊಂಡದ್ದಕ್ಕಿಂತ ಮೊದಲೇ ಬಂತು. ಕೆಡವುವ ಆಳುಗಳನ್ನು ಗೊತ್ತು ಮಾಡಿದ್ದೆವು, ಅವರಿನ್ನೂ ಬಂದಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಮಳೆ ಹನಿ ಕಡಿಯದೆ ಸುರಿಯುತ್ತಿತ್ತು. ನಾನು ಮಕ್ಕಳನ್ನು ಆಚೆ ಬದಿಯ ಜಗಲಿಯಲ್ಲಿ ಕೂರಿಸಿದ್ದೆ. ಯಾಕೂಬ ತೊಪ್ಪೆಯಾಗಿ ಓಡಿ ಬಂದ.

“ಟೀಚರ್, ಪಟ್ಟಿ ಹರೀತು! ಎಲ್ಲಾ ಪಟ್ಟಿನೂ ಹರೀತು! ಮೇಷ್ಟ್ರು ಒಳಗಿದಾರೆ!”

ನಾನು ಮಕ್ಕಳಿಗೆ ಅಲ್ಲಾಡಬೇಡಿ ಎಂದು ಕೂಗಿ ಓಡಿದೆ. ಗುರುಸಿದ್ದಪ್ಪ ಮೇಷ್ಟ್ರು ಬಾಗಿಲ ಬಳಿಯ ಕುರ್ಚಿಯಲ್ಲಿರಲಿಲ್ಲ. ಒಳಗೆ, ಮಕ್ಕಳ ಮುಂದಿನ ಬೆಂಚಿನ ಮೇಲೆ ಕೂತು ಕರಿಹಲಗೆ ನೋಡುತ್ತಿದ್ದರು. ಗೋಡೆಯಿಂದ ಮಣ್ಣು ಪುಡಿಪುಡಿಯಾಗಿ ಉದುರುತ್ತಿತ್ತು.

“ಸಾರ್, ಏಳಿ!”

“ನೀನು ಹೋಗಮ್ಮ.”

“ಏಳಿ ಸಾರ್, ಗೋಡೆ ಬರ್ತಿದೆ!”

“ಹೊರಗೆ ಬಂದ್ರೆ ನಂಗೇನಮ್ಮ ಉಳಿಯುತ್ತೆ?” ಎಂದರು ಅವರು. ಕಣ್ಣು ಹಲಗೆಯಿಂದ ಕದಲಲಿಲ್ಲ. “ಇಲ್ಲಿ ನಾನು ಗುರುಸಿದ್ದಪ್ಪ ಮೇಷ್ಟ್ರು. ಬಾಗಿಲು ದಾಟಿದ್ರೆ ಬರೀ ಮುದುಕ.”

“ಮುದುಕರಾಗೇ ಬನ್ನಿ. ನಂಗೆ ಸಾಕು.” ನಾನು ಅವರ ರಟ್ಟೆ ಹಿಡಿದೆಳೆದೆ. ನನಗೆ ಮಗ್ಗಿ ಕಲಿಸಿದ ಗುರುವನ್ನು ಹಾಗೆ ಎಳೆಯುತ್ತೇನೆಂದು ಕನಸಲ್ಲೂ ಎಣಿಸಿರಲಿಲ್ಲ. ಅವರು ತಡೆಯಲಿಲ್ಲ. ಅಂಗಳದ ನಡುವೆ ಬಂದಿದ್ದೆವು, ಹಿಂದೆ ದೊಡ್ಡ ನಿಟ್ಟುಸಿರು ಬಿಟ್ಟಂಥ ಸದ್ದಾಯಿತು. ತಿರುಗಿ ನೋಡಿದರೆ ಪಡುವಣ ಗೋಡೆ ಇರಲಿಲ್ಲ. ಹಂಚು ಜಾರಿತು, ತೊಲೆ ಬಿತ್ತು, ಗೋಡೆಯ ಕೆಂಪು ಮಣ್ಣು ಕೆಸರಾಗಿ ಅಂಗಳಕ್ಕೆ ಹರಿದು ಬಂತು. ಮೇಷ್ಟ್ರು ಮಳೆಯಲ್ಲಿ ನಿಂತು ತಮ್ಮ ಬೆರಳುಗಳನ್ನು ಒಂದೊಂದಾಗಿ ಎಣಿಸಿ ನೋಡಿಕೊಂಡರು. ಹತ್ತಕ್ಕೆ ನಿಲ್ಲಿಸಿದರು.

ಮರುದಿನದ ಸಂತೆ ನೋಡುವಂತಿತ್ತು. ಗಾರೆ ಕೆಲಸದವರು ಇಟ್ಟಿಗೆ ರಾಶಿಯ ಮುಂದೆ ಕೈಕಟ್ಟಿ ನಿಂತಿದ್ದರು. ಅಡುಗೆ ಭಟ್ಟರು ಅಕ್ಕಿ ಮೂಟೆಯನ್ನು ಮಾತಾಡಿಸುವವರಂತೆ ದಿಟ್ಟಿಸುತ್ತಿದ್ದರು. ಕಲಿಸೆಂದು ನಾನು ಯಾರಿಗೂ ಹೇಳಲಿಲ್ಲ. ಮಕ್ಕಳು ತಾವಾಗಿಯೇ ಒಬ್ಬೊಬ್ಬರು ಒಂದೊಂದು ಅಂಗಡಿಗೆ ಹೋದರು. ಯಾಕೂಬ ಗಾರೆಯವರ ಜೊತೆ ಓಡಾಡಿದ. ಭಾಗೀರಥಿ ಭಟ್ಟರಿಗೆ ನೂರು ಜನ ಹಸಿದ ನೆಂಟರ ಕಥೆ ಹೇಳಿದಳು. ದೇವೀರಮ್ಮ ಸೌಟು ಹಿಡಿದು, “ಎಂಟು ಸೌಟಿಗೆ ಒಂದು ಪಾತ್ರೆ, ಅಂದ್ರೆ ಎರಡು ಪಾತ್ರೆಗೆ...” ಎಂದು ತಡವರಿಸಿ, ಪಕ್ಕದಲ್ಲಿ ನಿಂತ ಮಗುವಿನ ಮುಖ ನೋಡಿ, ಕೊನೆಗೆ ತಾನೇ ಹೇಳಿಬಿಟ್ಟಳು. ಹೋಟೆಲಿನ ಮುಂದೆ ನಿಂತು ಹೋಗಿಬರುವವರಿಗೆಲ್ಲ ಅದನ್ನೇ ಹೇಳುತ್ತಿದ್ದಳು. ತಿಂಗಳೊಳಗೆ ಊರು ಮತ್ತೆ ಲೆಕ್ಕ ಹಿಡಿಯಿತು. ಅಂಗೈ ಮೇಲೆ ಬರೆದುಕೊಳ್ಳುವುದು ನಿಂತಿತು.

ಗುರುಸಿದ್ದಪ್ಪ ಮೇಷ್ಟ್ರು ಮಾತ್ರ ಮನೆಯಿಂದ ಹೊರಗೆ ಬರಲಿಲ್ಲ. ಅವರ ಹೆಂಡತಿ ಶಿವನಂಜಮ್ಮ ಒಂದು ದಿನ ಶಾಲೆಗೇ ಬಂದು, “ಊಟ ಮಾಡ್ತಾರೆ, ಮಲಗ್ತಾರೆ, ಮಾತಿಲ್ಲ ಕತೆಯಿಲ್ಲ. ನೀನಾದ್ರೂ ಬಾಮ್ಮ” ಎಂದು ಕರೆದರು. ನಾನು ಹೊರಟೆ. ಪುಟ್ಟಮಾದಿ ತಾನೂ ಬರುತ್ತೇನೆಂದು ದಾರದುಂಡೆ ಹಿಡಿದು ಹೊರಟಳು.

ಅವಳು ಮನೆಯ ಜಗಲಿಯಲ್ಲಿ ಮೇಷ್ಟ್ರ ಎದುರು ಕೂತು ದಾರ ಕೊಟ್ಟಳು. ಅವರ ಬೆರಳಿಗೆ ಗಂಟು ಬೀಳಲಿಲ್ಲ. ಗೋಲಿ ಕೊಟ್ಟಳು, ಉರುಳಿ ಹೋಯಿತು. ರಂಗೋಲಿ ಬರೆದು ತೋರಿಸಿದಳು, ಕಣ್ಣು ಕಾಣದು ಎಂದರು. “ಬಿಡು ಮಗಾ,” ಎಂದರು ಕೊನೆಗೆ. “ನನ್ನ ತಲೆಗೆ ಹತ್ತಲ್ಲ.”

“ನಿಮ್ದು ಯಾವುದು ಅಂತ ಇನ್ನೂ ಸಿಕ್ಕಿಲ್ಲ, ಅಷ್ಟೇ ಸಾರ್,” ಎಂದಳು ಅವಳು.

ಅವರು ಬೀದಿ ಕಡೆ ಮುಖ ಮಾಡಿದರು. ಏನೋ ಗುನುಗಿಕೊಂಡರು. ಬಲಗೈ ತೊಡೆಯ ಮೇಲೆ ತಾನಾಗಿ ತಾಳ ಹಾಕುತ್ತಿತ್ತು: ಒಂದು ಪೆಟ್ಟು, ಮೂರು ಬೆರಳು, ಪೆಟ್ಟು, ಬೀಸು, ಪೆಟ್ಟು, ಬೀಸು. ಅವರ ತಂದೆ ಭಜನೆ ಮೇಳದವರು, ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೂರು ತಿರುಗಿದವರು ಎಂದು ಶಿವನಂಜಮ್ಮ ಆಮೇಲೆ ಹೇಳಿದರು. ಪುಟ್ಟಮಾದಿ ಆ ಕೈಯನ್ನೇ ನೋಡುತ್ತಿದ್ದಳು.

“ಸಾರ್, ಅದೆಷ್ಟು ಏಟು?”

“ಎಂಟು.” ಅವರು ಯೋಚಿಸದೆ ಹೇಳಿದರು.

“ಇನ್ನೊಂದು ಸುತ್ತು ಹಾಕಿದ್ರೆ?”

ಅವರ ಕೈ ಇನ್ನೊಂದು ಸುತ್ತು ಹಾಕಿತು. ತುಟಿ ಅಲ್ಲಾಡಿತು. “ಹದಿ... ಹದಿನಾರು.” ತೊಡೆಯ ಮೇಲಿನ ಕೈಯನ್ನು ಯಾರದೋ ಎಂಬಂತೆ ನೋಡಿದರು. ಮತ್ತೊಂದು ಸುತ್ತು ಹಾಕಿದರು. “ಇಪ್ಪತ್ನಾಲ್ಕು!” ಎಂದು ಕೂಗಿಯೇ ಹೇಳಿದರು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು.

ಶಿವನಂಜಮ್ಮ ಒಳಗಿನಿಂದ ಕಾಫಿ ಲೋಟ ಹಿಡಿದು ಬಂದು ಬಾಗಿಲಲ್ಲಿ ನಿಂತಿದ್ದರು. “ಅಷ್ಟು ಬರುತ್ತೆ ಅಂದ್ರೆ ನಂಗೊಂದು ಲೆಕ್ಕ ಹೇಳಿ,” ಎಂದರು. “ನಮ್ಮ ಮದುವೆಯಾಗಿ ಎಷ್ಟು ವರ್ಷ ಆಯ್ತು?”

ಮೇಷ್ಟ್ರು ತಬ್ಬಿಬ್ಬಾದರು. ಊರಿನವರ ಮಕ್ಕಳ ವಯಸ್ಸನ್ನೆಲ್ಲ ಲೆಕ್ಕ ಹಾಕಿಕೊಟ್ಟವರು. ತಮ್ಮ ಮನೆಯಲ್ಲಿ ಒಂದು ದಿನವೂ ಲೆಕ್ಕ ಅವರ ಜೊತೆ ಬಂದಿರಲಿಲ್ಲ. ಹೆಂಡತಿ ಶಾಲೆಯ ಮೆಟ್ಟಿಲು ಹತ್ತಿ ಕೇಳಿರಲಿಲ್ಲ.

“ನೀನು ಹೇಳ್ತಾ ಹೋಗು, ನಾನು ಹಾಕ್ತೀನಿ,” ಎಂದರು.

ಶಿವನಂಜಮ್ಮ ಲೋಟ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತರು. “ಮದುವೆ ವರ್ಷ ಕೆರೆ ಕೋಡಿ ಬಿತ್ತು,” ಎಂದರು. ಒಂದು ಪೆಟ್ಟು. “ಮಾರನೇ ವರ್ಷ ನಿಮ್ಮಪ್ಪ ಹೋದ್ರು.” ಒಂದು ಬೆರಳು. “ಆಮೇಲೆ ಮೊದಲನೇ ಕೂಸು, ಉಳೀಲಿಲ್ಲ.” ಇನ್ನೊಂದು ಬೆರಳು, ಮೆಲ್ಲಗೆ. ಹೀಗೆ ವರ್ಷಕ್ಕೊಂದು ಏಟು. ಕೆಲವು ವರ್ಷಕ್ಕೆ ಅವರು ನಕ್ಕರು, ಕೆಲವಕ್ಕೆ ಇಬ್ಬರಿಗೂ ನೆನಪಾಗದೆ ಜಗಳವಾಡಿದರು. ಕಾಫಿ ಆರಿತು. ಸುತ್ತು ಮುಗಿದಾಗಲೆಲ್ಲ ಮೇಷ್ಟ್ರು ಎಡಗೈಯ ಒಂದು ಬೆರಳು ಮಡಚಿದರು.

“ಐದು ಸುತ್ತು,” ಎಂದರು ಕೊನೆಗೆ. “ಮೇಲೆ ಎರಡೇಟು. ನಲವತ್ತೆರಡು ವರ್ಷ ಕಣೆ!”

ಶಿವನಂಜಮ್ಮ ಗಂಡನ ಮುಖವನ್ನೇ ನೋಡಿದರು.

“ಅಷ್ಟೇನಾ?” ಎಂದರು. “ನಾನು ಇನ್ನೂ ಜಾಸ್ತಿ ಅಂದ್ಕೊಂಡಿದ್ದೆ.”